ಸೀದಾ ದಾರಿ

"ಈ ಬಂದೂಕು ಕೆಳಗಿಡೋದು ಯಾವ ಗುಂಡೀಲೆ?"

ಕಂಪ್ಯೂಟರಿನ ಮುಂದೆ ಕೂತ ಸೋನುಬಾಯಿ ಮಗ ಕುನಾಲನನ್ನು ಕೇಳಿದಳು. ಅವನು ಹನ್ನೊಂದು ತಿಂಗಳು ಕೂತು ಮಾಡಿದ ಆಟ. ಅಂಥದೊಂದು ಗುಂಡಿ ಬೇಕಾದೀತೆಂದು ಅವನಿಗೆ ಅನ್ನಿಸಿರಲೇ ಇಲ್ಲ.

"ಇಡಾಕ ಬರಂಗಿಲ್ಲವ್ವ."

"ಮಂದಿ ಊರಿಗೆ ಹಿಂಗ ಹೋಗ್ತಾರೇನು?"

ಆಟ ಹೊರತರುವ ಪುಣೆಯ ಕಂಪನಿಯ ರಾಜೀವ ಬೆಳಿಗ್ಗೆ ಫೋನಿನಲ್ಲಿ ಹೇಳಿಬಿಟ್ಟಿದ್ದ: ಎಲ್ಲ ಕಡೆ ಖುಲ್ಲಾ ಬಿಟ್ಟರೆ ಆಡುವವರು ದಾರಿ ತಪ್ಪುತ್ತಾರೆ. ಯಾವತ್ತೂ ಆಡದವರನ್ನು ಕೂರಿಸು. ಹತ್ತು ನಿಮಿಷದಲ್ಲಿ ಅವರು ಒಬ್ಬ ವೈರಿಯನ್ನು ಹೊಡೆದರೆ ಆಟದೊಳಗಿನ ನಿನ್ನ ಊರು ಉಳಿಯಿತು. ಇಲ್ಲವಾದರೆ ಸಂಜೆಯೊಳಗೆ ಊರು ತೆಗೆದು ಒಂದೇ ಗಲ್ಲಿ, ಎರಡೂ ಕಡೆ ಗೋಡೆ.

ಎಂ.ಸಿ.ಎ. ಮುಗಿಸಿ ಬಸವಕಲ್ಯಾಣದ ಈ ಖೋಲಿಯಲ್ಲಿ ಕೂತವನಿಗೆ ತನ್ನದೆನ್ನಲು ಇದ್ದದ್ದು ಅದೊಂದೇ: ಕಲ್ಯಾಣದಿಂದ ಹುಮನಾಬಾದಿನ ತನಕ, ಆಟದಲ್ಲಿ ಎತ್ತ ಬೇಕಾದರೂ ತಿರುಗಬಹುದಾದ ನೆಲ. ಬಸ್ಸಿನಲ್ಲಿ ಮುಕ್ಕಾಲು ತಾಸಿನ ಹಾದಿ. ಅವನು ನಿಜದ ಹುಮನಾಬಾದಿಗೆ ಹೋಗಿ ಎರಡು ವರ್ಷವಾಗಿತ್ತು.

ಪರದೆಯ ಮೇಲೆ ತಾಯಿ ಮೂರೇ ನಿಮಿಷಕ್ಕೆ ಹುಮನಾಬಾದ್ ಮುಟ್ಟಿದಳು. ಮಗಳನ್ನು ಕೊಟ್ಟ ಊರು.

"ರತ್ನಮಾಲಾನ ಮನಿ ಎಲ್ಲೈತಿ?"

"ಅಕ್ಕನ ಮನಿ ಇದರಾಗ ಇಲ್ಲ."

"ಇಷ್ಟು ಮನಿ ಕಟ್ಟೀದಿ, ಆಕಿದೊಂದು ಭಾರ ಆತೇನು?" ಒಂದು ನೀಲಿ ಬಾಗಿಲ ಮುಂದೆ ನಿಂತಳು. "ಇದು ಯಾರದು?"

"ಯಾರದೂ ಅಲ್ಲ. ಬರೇ ಬಣ್ಣ. ತೆರಿಯಂಗಿಲ್ಲ."

"ಯಾರೂ ಇಲ್ಲದ ಮನೀಗೆ ಬಾಗಲಾ ಯಾಕೋ?"

ಏಳನೇ ನಿಮಿಷಕ್ಕೆ ಮೂಲೆಯಿಂದ ಒಬ್ಬ ಸೈನಿಕ ಬಂದ. ಕುನಾಲ ಬೆರಳು ಮಾಡಿ ತೋರಿಸಿದ.

"ಅವನೇ ಅವ್ವ. ಕೆಂಪು ಗುಂಡಿ ಒತ್ತು."

"ತಡಿ, ಈ ಊರಾಂವ ಕಾಣ್ತಾನ." ಆಕೆ ಪರದೆಯತ್ತ ಬಗ್ಗಿದಳು. "ಯಪ್ಪಾ, ರತ್ನಮಾಲಾನ ಮನೀಗೆ ಹ್ಯಾಂಗ ಹೋಗಬೇಕ್ರಿ?"

ಸೈನಿಕ ಗುಂಡು ಹಾರಿಸಿದ. ಪರದೆ ಕೆಂಪಾಯಿತು.

"ಸತ್ತಿ," ಎಂದ ಕುನಾಲ.

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕು. ಇಷ್ಟು ಸಿಟ್ಟು ಯಾಕ?" ಸೆರಗು ಸರಿಪಡಿಸಿಕೊಂಡು ಎದ್ದವಳು ಪರದೆಗೆ ಹೇಳಿದಳು: "ಬರ್ತೀನಪಾ."

ರಾಜೀವನ ಫೋನು ಬಂತು.

"ವೈರಿ ಸಿಕ್ಕಿದ್ನಾ?"

"ಸಿಕ್ಕ."

"ಹೊಡೆದ್ರಾ?"

"ಮಾತಾಡ್ಸಿದ್ರು."

"ಗೋಡೆ ಹಾಕು."

ನಾಲ್ಕು ಗಂಟೆಗೆ ಹುಮನಾಬಾದ್ ಇರಲಿಲ್ಲ. ಐದಕ್ಕೆ ಹೆದ್ದಾರಿಯೂ ಹೋಯಿತು. ಊರು ಅಳಿಸುವುದು ಇಷ್ಟು ಸಲೀಸೆಂದು ಅವನಿಗೇ ಗೊತ್ತಿರಲಿಲ್ಲ. ಎಡಗಡೆ ಗೋಡೆ, ಬಲಗಡೆ ಗೋಡೆ, ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಗಲ್ಲಿ. ರಾಜೀವನಿಗೆ ಕಳಿಸುವ ಮೊದಲು ತಾನೇ ಒಮ್ಮೆ ಆಡಿ ನೋಡಲು ಕೂತ.

ಊರ ತುಂಬ ಅಡ್ಡಾಡಿಕೊಂಡಿದ್ದ ಇಪ್ಪತ್ತು ಸೈನಿಕರಿಗೆ ಈಗ ಬೇರೆ ಜಾಗವಿರಲಿಲ್ಲ. ಗಲ್ಲಿಯಲ್ಲಿ ಒಬ್ಬರ ಹಿಂದೊಬ್ಬರು ಪಾಳಿ ಹಚ್ಚಿ ನಿಂತಿದ್ದರು. ಎಲ್ಲರ ಮುಖ ಅವನ ಕಡೆ.

ಕುನಾಲ ಗುಂಡಿ ಒತ್ತಿದ. ಮೊದಲನೆಯವನು ಬಿದ್ದ.

ಯಾರೂ ಬಂದೂಕು ಎತ್ತಲಿಲ್ಲ. ಉಳಿದವರು ತಮ್ಮ ಪಾಳಿಗೆ ಕಾದವರಂತೆ ಒಂದೊಂದು ಹೆಜ್ಜೆ ಮುಂದೆ ಬಂದು ನಿಂತರು.