ಒಸ್ವಾಲ್ಡರು ಉಜ್ಜಿ ತೆಗೆದ ಗುಳಿಗಳು

೧

ಎಲ್ಲಿಂದ ಶುರು ಮಾಡುವುದು ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾಗುವವರೆಗೆ ಕಾಯುತ್ತ ಕೂತರೆ ನೀವು ಎದ್ದು ಹೋಗುತ್ತೀರಿ. ಅದಕ್ಕೆ ಮೊದಲ ಡ್ರಾಫ್ಟನ್ನೇ ನಿಮ್ಮ ಮುಂದಿಡುತ್ತೇನೆ:

'ಕಂಕನಾಡಿ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಒಸ್ವಾಲ್ಡ್ ಎಂಬ ಅರುವತ್ತೇಳು ವರ್ಷದ ಗಿಟಾರ್ ಹುಚ್ಚಿನ ಮನುಷ್ಯರೊಬ್ಬರಿದ್ದರು. ಅವರ ಕೋಣೆಯಲ್ಲಿ ಹದಿನಾಲ್ಕು ಗಿಟಾರುಗಳಿದ್ದವು. ಅವುಗಳಲ್ಲಿ ಒಂದು ಅವರದ್ದಲ್ಲ.'

ಕೊನೆಯ ವಾಕ್ಯ ಬರೆದ ಮೇಲೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆದರೆ ಒಸ್ವಾಲ್ಡರು ಅದನ್ನು ಓದಿ (ಹೌದು, ಓದಿದರು, ಈ ಕತೆಯ ಪಾತ್ರಗಳಿಗೆ ಬರೆಯುವವನ ಹೆಗಲ ಮೇಲಿಂದ ಇಣುಕುವ ಚಟ ಉಂಟು) ಕನ್ನಡಕವನ್ನು ಹಣೆಗೇರಿಸಿದರು.

"ಎಂತ ಮಾರಾಯ್ರೆ ಇದು, ನಾನು ಕದ್ದು ತಂದ ಹಾಗೆ ಬರೆದಿದ್ದೀರಿ? ಅದು ನಮ್ಮ ಹ್ಯೂಬರ್ಟನ ಗಿಟಾರು. ಅವನು ತೀರಿಹೋದ ಮೇಲೆ ಅವನ ಮಗಳೇ ನನ್ನ ಹತ್ರ ಇಡ್ಲಿಕ್ಕೆ ಕೊಟ್ಟದ್ದು. ಇದ್ದದ್ದು ಇದ್ದ ಹಾಗೆ ಬರೆಯಿರಿ."

ಇದ್ದದ್ದು ಇದ್ದ ಹಾಗೆ. ಈ ಮಾತನ್ನು ಒಸ್ವಾಲ್ಡರ ಬಾಯಿಂದಲೇ ಕೇಳಬೇಕಾಯಿತಲ್ಲ ಎಂದು ನನಗೆ ಒಳಗೊಳಗೇ ನಗು ಬಂತು. ಯಾಕೆಂದು ಮೂರನೇ ಭಾಗದಲ್ಲಿ ನಿಮಗೆ ಗೊತ್ತಾಗುತ್ತದೆ. ನಗು ಬಂದದ್ದಕ್ಕೆ ಆಗ ನನಗೇ ನಾಚಿಕೆಯಾಯಿತು.

೨

(ಇದು ಮಾಹಿತಿಯ ಭಾಗ. ಬೋರಾದರೆ ಕ್ಷಮಿಸಿ, ಆದರೆ ಹಾರಿಸಬೇಡಿ.)

ಹ್ಯೂಬರ್ಟ್ ಮತ್ತು ಒಸ್ವಾಲ್ಡ್ ಇಪ್ಪತ್ತೆಂಟು ವರ್ಷ ಒಂದೇ ಬ್ಯಾಂಡಿನಲ್ಲಿದ್ದವರು. ಮದುವೆಯ ರಿಸೆಪ್ಶನ್ನಿನಲ್ಲಿ ಕೇಕ್ ಕತ್ತರಿಸುವಾಗ, ಟೋಸ್ಟ್ ಎತ್ತುವಾಗ, ಮಂದಿ ಜೋಡಿ ಜೋಡಿಯಾಗಿ ಕುಣಿಯುವಾಗ ಸ್ಟೇಜಿನ ಎಡಬದಿಯಲ್ಲಿ ಇವರಿಬ್ಬರು ಗಿಟಾರು ತಗುಲಿಸಿಕೊಂಡು ನಿಂತಿರುತ್ತಿದ್ದರು. ಹ್ಯೂಬರ್ಟನಿಗೆ ಜೀವಮಾನಕ್ಕೆ ಇದ್ದದ್ದು ಒಂದೇ ಗಿಟಾರು, ಅದೂ ಸೆಕೆಂಡ್ ಹ್ಯಾಂಡ್. ಯಾವ ಕಂಪೆನಿಯ ತಂತಿ ಹಾಕಿದ್ದೀ ಎಂದು ಕೇಳಿದರೆ "ಅಂಗಡಿಯವ ಕೊಟ್ಟದ್ದು" ಎನ್ನುತ್ತಿದ್ದ.

ಒಸ್ವಾಲ್ಡರದ್ದು ಬೇರೆಯೇ ಜಾತಿ. ತಂತಿಯ ದಪ್ಪ ಇಂಚಿನ ಸಾವಿರದಲ್ಲಿ ಎಷ್ಟು ಪಾಲು, ಯಾವ ಮರಕ್ಕೆ ಎಂಥ ದನಿ, ವಾಲ್ವಿನ ಆಂಪ್ಲಿಫೈಯರ್ ಬಿಸಿಯಾಗಲು ಎಷ್ಟು ನಿಮಿಷ ಬೇಕು, ಎಲ್ಲ ಬಾಯಿಪಾಠ. ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ರಿಟೈರ್ ಆಗುವವರೆಗೂ ಒಂದಲ್ಲ ಒಂದು ಪಾರ್ಸೆಲ್ ಮನೆಗೆ ಬರುತ್ತಲೇ ಇತ್ತು. ಕಾಲಲ್ಲಿ ಒತ್ತುವ ಪೆಡಲು, ಪಿಕಪ್ಪು, ಬೆಲ್ಟು, ಬಣ್ಣಬಣ್ಣದ ವೈರು. ಪ್ರತಿ ಸಲವೂ ಹೇಳುತ್ತಿದ್ದದ್ದು ಒಂದೇ ಮಾತು: "ಇದೊಂದು ಬಂದ್ರೆ ಟೋನ್ ಸರಿಯಾಗ್ತದೆ. ಮತ್ತೆ ಕೂತು ಸರಿಯಾಗಿ ಬಾರಿಸ್ತೇನೆ."

ಅವರ ಹೆಂಡತಿ ವಿನಿಫ್ರೆಡ್ ಶಾಲೆಯಲ್ಲಿ ಟೀಚರ್ ಆಗಿದ್ದವರು, ತೂಗಿ ಮಾತಾಡುವವರು. ಅವರು ಹೇಳಿದ್ದನ್ನು ಬರೆದುಕೊಂಡಿದ್ದೇನೆ: "ಇವರು ಗಿಟಾರು ಬಾರಿಸಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ."

(ಒಂದು ತಪ್ಪೊಪ್ಪಿಗೆ. ಇವರು ಮನೆಯಲ್ಲಿ ಮಾತಾಡುವುದು ಕೊಂಕಣಿ. ನನ್ನ ಮನೆಮಾತು ತುಳು. ನಡುವೆ ನಾವು ಕನ್ನಡ ಆಡುತ್ತೇವೆ. ಆದ್ದರಿಂದ ಇಲ್ಲಿ ಯಾರಾದರೂ ಅತ್ತರೆ ಅದು ಎರಡು ಕೈ ದಾಟಿ ನಿಮಗೆ ತಲುಪಿದ ಅಳು ಎಂದು ತಿಳಿದುಕೊಳ್ಳಿ.)

೩

ಈ ಭಾಗ ಬೇಡ ಎಂದು ಒಸ್ವಾಲ್ಡರು ಕೈಮುಗಿದರು. ಬರೆಯದಿದ್ದರೆ ಕತೆಯೇ ಇಲ್ಲ ಎಂದು ನಾನೂ ಕೈಮುಗಿದೆ.

ಐದು ವರ್ಷದ ಹಿಂದೆ ಕೊರೋನಾದ ಎರಡನೇ ಅಲೆಯಲ್ಲಿ ಹ್ಯೂಬರ್ಟ್ ತೀರಿಹೋದ. ಒಬ್ಬಳೇ ಮಗಳು ಒಲಿವಿಯಾ ಕುವೈತಿನಲ್ಲಿ ನರ್ಸು. ವಿಮಾನವಿಲ್ಲದೆ ಅಪ್ಪನ ಮುಖ ನೋಡಲಿಕ್ಕೂ ಆಗಲಿಲ್ಲ. ಆರು ತಿಂಗಳು ಕಳೆದು ಬಂದವಳು ನಂತೂರಿನ ಬಾಡಿಗೆ ಮನೆ ಖಾಲಿ ಮಾಡಿ, ಗಿಟಾರಿನ ಪೆಟ್ಟಿಗೆಯನ್ನು ಒಸ್ವಾಲ್ಡರ ಮನೆಗೆ ತಂದಳು. "ಅಂಕಲ್, ಡ್ಯಾಡಿಯ ಗಿಟಾರ್ ನಿಮ್ಮ ಹತ್ರವೇ ಇರ್ಲಿ. ನಿಮ್ಮಷ್ಟು ಚಂದ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ" ಎಂದಳು.

ಆ ಮಾತು ಒಸ್ವಾಲ್ಡರ ತಲೆಗೇರಿತು. ಅವರು ಪೆಟ್ಟಿಗೆ ತೆರೆದು ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೈಯ ಬಣ್ಣ ಕಿತ್ತುಹೋಗಿ ಮರ ಕಾಣುತ್ತಿತ್ತು. ಬೆರಳಿಟ್ಟು ಒತ್ತುವ ಪಟ್ಟಿಯಲ್ಲಿ, ಮೇಲಿನ ಮೂರು ಮನೆಗಳೊಳಗೆ, ಹ್ಯೂಬರ್ಟನ ಬೆರಳು ಮೂವತ್ತು ವರ್ಷ ಕೂತೂ ಕೂತೂ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಮನೆಗಳ ನಡುವೆ ಹೊಡೆದ ಲೋಹದ ಫ್ರೆಟ್ಟುಗಳು ಸವೆದಿದ್ದವು. 'ಪಾಪ, ಎಂಥ ಸ್ಥಿತಿ ಮಾಡಿಟ್ಟಿದ್ದಾನೆ' ಎಂದು ಅವರಿಗೆ ಅಯ್ಯೋ ಅನ್ನಿಸಿತು. ಗೆಳೆಯನಿಗೆ ಹೆಗಲು ಕೊಡಲು ಆಗಿರಲಿಲ್ಲ. ಗಿಟಾರಿಗಾದರೂ ಏನಾದರೂ ಮಾಡಬೇಕು ಎಂದುಕೊಂಡರು.

ಬೆಳಿಗ್ಗೆ ಕಾಫಿ ಕುಡಿದವರೇ ಕೂರುತ್ತಿದ್ದರು. ಹಳೆ ಫ್ರೆಟ್ಟು ಒಂದೊಂದೇ ಕಿತ್ತರು. ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ, ಪಟ್ಟಿಯನ್ನು ಉಜ್ಜಿ ಉಜ್ಜಿ, ಸ್ಕೇಲ್ ಇಟ್ಟರೆ ಎಲ್ಲೂ ಬೆಳಕು ನುಸುಳದ ಹಾಗೆ ಸಮ ಮಾಡಿದರು. ಹೊಸ ಫ್ರೆಟ್ಟು ಹೊಡೆದರು. ಮೈಗೆ ಹದಿನೆಂಟು ಕೈ ಪಾಲಿಶ್. ಆರು ತಿಂಗಳಲ್ಲಿ ಗಿಟಾರು ಮದುಮಗನ ಹಾಗೆ ಎದ್ದು ನಿಂತಿತು. ಗುಳಿಗಳಿದ್ದ ಮರ ಕೆಂಪು ಹುಡಿಯಾಗಿ ಹಳೆ ಪೇಪರಿನ ಮೇಲೆ ಬಿದ್ದಿತ್ತು. ವಿನಿಫ್ರೆಡ್ ಅದನ್ನು ಮಡಚಿ ಕಸಕ್ಕೆ ಹಾಕಿದರು.

(ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಈ ಕತೆಯನ್ನು ನಾನು ತಿದ್ದುತ್ತಿರುವುದು ಇದು ಏಳನೇ ಸಲ.)

೪

ಹೋದ ಸೋಮವಾರ ಒಲಿವಿಯಾಳ ಫೋನು ಬಂತು. ರಜೆಯಲ್ಲಿ ಊರಿಗೆ ಬಂದಿದ್ದಾಳೆ. ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ಬಂದು ಗಿಟಾರು ತೆಗೆದುಕೊಂಡು ಹೋಗುತ್ತಾಳೆ.

"ಅಂಕಲ್, ನಿಮಗೆ ಗೊತ್ತುಂಟಾ, ಡ್ಯಾಡಿ ನನಗೆ ಗಿಟಾರಿನ ಕಾರ್ಡ್ ಹಿಡಿಲಿಕ್ಕೆ ಹೇಳಿಕೊಟ್ಟದ್ದೇ ಇಲ್ಲ. ಅವರ ಬೆರಳು ಕೂತ ಗುಂಡಿ ಇತ್ತಲ್ಲ, ಅದರಲ್ಲಿ ನನ್ನ ಬೆರಳಿಟ್ಟು ನಾನೇ ಕಲಿತದ್ದು. ಕಣ್ಣು ಮುಚ್ಚಿದ್ರೂ ಸಿಕ್ತಿತ್ತು. ಕುವೈತಲ್ಲಿ ಕರೆಂಟು, ಎಸಿ ಎಲ್ಲ ಉಂಟು ಅಂಕಲ್, ಡ್ಯಾಡಿ ಮಾತ್ರ ಎಲ್ಲೂ ಸಿಗುದಿಲ್ಲ. ಒಮ್ಮೆ ಅದ್ರಲ್ಲಿ ಬೆರಳಿಡ್ಬೇಕು ಅಂತ ಉಂಟು."

ಒಸ್ವಾಲ್ಡರು "ಬಾ ಬಾಯ್, ಬಾ" ಎಂದಷ್ಟೇ ಹೇಳಿ ಫೋನಿಟ್ಟರು. (ಬಾಯ್ ಎಂದರೆ ಕೊಂಕಣಿಯಲ್ಲಿ ಮಗಳೇ ಎಂದ ಹಾಗೆ.) ಆಮೇಲೆ ಪೆಟ್ಟಿಗೆ ತೆರೆದು ಪಟ್ಟಿಯ ಮೇಲೆ ಹೆಬ್ಬೆರಳು ಎಳೆದರು. ನುಣ್ಣಗಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸ.

೫

ಈಗ ನನ್ನ ಕೆಲಸ. ಆದಿತ್ಯವಾರಕ್ಕೆ ಒಂದು ಮುಗಿತಾಯ ಬೇಕು.

ಮೊದಲನೆಯದು: ಒಸ್ವಾಲ್ಡರು ಏನೂ ಹೇಳುವುದಿಲ್ಲ. ಒಲಿವಿಯಾ "ವಾವ್ ಅಂಕಲ್, ಹೊಸತೇ ಆಗಿದೆ!" ಎಂದು ಕೊಂಡೊಯ್ಯುತ್ತಾಳೆ.

"ಬೇಡ" ಎಂದರು ಒಸ್ವಾಲ್ಡ್. "ಅಲ್ಲಿ ಹೋಗಿ ಕತ್ತಲೆಯಲ್ಲಿ ಬೆರಳಿಟ್ಟು ಹುಡುಕ್ತಾಳೆ. ಸಿಗದಿದ್ರೆ, ನನಗೆ ಡ್ಯಾಡಿ ಮರೆತೇ ಹೋದ್ರು ಅಂತ ತಿಳ್ಕೊಳ್ತಾಳೆ. ಅದಕ್ಕಿಂತ ನನಗೆ ಎರಡು ಬಾರಿಸಿ ಹೋಗ್ಲಿ."

ಎರಡನೆಯದು: ಹೇಳುತ್ತಾರೆ. ಒಲಿವಿಯಾ ಅತ್ತು, ಅವರ ಕೈ ಹಿಡಿದು, "ಈ ಕೈಗಳಲ್ಲೇ ನನ್ನ ಡ್ಯಾಡಿ ಇದ್ದಾರೆ" ಎನ್ನುತ್ತಾಳೆ.

"ನಮ್ಮೂರಲ್ಲಿ ಯಾರು ಹೀಗೆ ಮಾತಾಡ್ತಾರೆ ಮಾರಾಯ್ರೆ?" (ಒಪ್ಪಿದೆ. ಹರಿದು ಹಾಕಿದೆ.)

ಮೂರನೆಯದು ಹೊಳೆದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ನಾನು ಲೇಖಕ! ಗುಳಿಗಳನ್ನು ವಾಪಸ್ ತರಲು ನನಗೆ ಒಂದು ವಾಕ್ಯ ಸಾಕು. ಬರೆದೆ: 'ಒಸ್ವಾಲ್ಡರು ಸ್ಯಾಂಡ್ ಪೇಪರ್ ಕೈಗೆತ್ತಿಕೊಂಡರು. ಏನೋ ಅನ್ನಿಸಿ ಕೆಳಗಿಟ್ಟರು. ಗಿಟಾರನ್ನು ಇದ್ದ ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.'

ಒಸ್ವಾಲ್ಡರು ಅದನ್ನು ಎರಡು ಸಲ ಓದಿದರು. "ಇದು ಇರ್ಲಿ. ದಮ್ಮಯ್ಯ, ಇದೊಂದು ಇರ್ಲಿ. ನಿಮ್ಮ ಕತೆ ಹಾಳಾದ್ರೆ ಹಾಳಾಗ್ಲಿ."

ಇಡುತ್ತಿದ್ದೆ, ದೇವರಾಣೆ. ಅಡುಗೆಮನೆಯಿಂದ ಬಂದ ವಿನಿಫ್ರೆಡ್ ತಡೆದರು.

"ಅದನ್ನು ತೆಗೀರಿ" ಎಂದರು ನನಗೆ. "ಹ್ಯೂಬರ್ಟ್ ಹೋದ ಮೇಲೆ ಇವರು ಊಟ ಬಿಟ್ಟಿದ್ರು, ಮಾತು ಬಿಟ್ಟಿದ್ರು. ಆ ಗಿಟಾರು ಹಿಡ್ಕೊಂಡ ದಿನ ಮಧ್ಯಾಹ್ನ ಅನ್ನ ಕೇಳಿದ್ರು. ಆ ಆರು ತಿಂಗಳು ತೆಗೆದ್ರೆ ನನಗೆ ಈ ಮನುಷ್ಯನೂ ಇಲ್ಲ. ತಪ್ಪು ಮಾಡಿಯೇ ಬದುಕಿದ್ದು ಇವರು. ಹೇಳ್ಬೇಕು ಅಷ್ಟೆ, ಆ ಹುಡುಗಿಗೆ. ನಿಮ್ಮ ಬರವಣಿಗೆಯಲ್ಲಿ ಅಲ್ಲ, ಇವರ ಬಾಯಲ್ಲಿ."

ತೆಗೆದೆ. ಒಸ್ವಾಲ್ಡರು ಇಬ್ಬರ ಮುಖವನ್ನೂ ನೋಡದೆ ಎದ್ದು ಹೊರಗೆ ಹೋದರು. ನನಗೆ ಈಗಲೂ ಅದರ ಸಂಕಟ ಇದೆ.

೬

ಆದಿತ್ಯವಾರ. ಹನ್ನೊಂದು ಗಂಟೆ. ಒಲಿವಿಯಾ ಬಂದಳು. ವಿನಿಫ್ರೆಡ್ ಚಾ ತಂದಿಟ್ಟರು, ಊಟ ಮಾಡದೆ ಹೋಗಬಾರದು ಎಂದರು. ಒಲಿವಿಯಾ ಚಾ ಮುಟ್ಟದೆ ಪೆಟ್ಟಿಗೆಯ ಮುಂದೆ ನೆಲದಲ್ಲೇ ಕೂತು ಕೊಂಡಿ ತೆಗೆದಳು.

ಹೊಳೆಯುವ ಮೈಯ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಗಿಟಾರನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚಿದಳು. ಬೆರಳುಗಳು ಪಟ್ಟಿಯ ಮೇಲೆ ಮುಂದೆ ಹೋದವು, ಹಿಂದೆ ಬಂದವು, ಮತ್ತೆ ಮುಂದೆ ಹೋದವು. ಒಸ್ವಾಲ್ಡರಿಗೆ ಅದನ್ನು ನೋಡಲಾಗಲಿಲ್ಲ.

"ಹುಡುಕ್ಬೇಡ ಬಾಯ್. ಅದು ಇಲ್ಲ. ನಾನು ಉಜ್ಜಿ ತೆಗೆದೆ" ಎಂದರು. "ಸರಿ ಮಾಡ್ತೇನೆ ಅಂತ ಮಾಡಿದ್ದು. ನನ್ನ ತಲೆಗೆ ಹೋಗ್ಲಿಲ್ಲ. ಕ್ಷಮಿಸು ಅಂತ ಕೇಳ್ಲಿಕ್ಕೂ ನನಗೆ ಮುಖ ಇಲ್ಲ."

(ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಮುಂದಿನದನ್ನು ನಾನು ಬರೆದದ್ದಲ್ಲ, ಒಲಿವಿಯಾ ತಾನಾಗಿ ಕೇಳಿದ್ದು.)

ಅವಳು ಅಳಲಿಲ್ಲ. ಕಣ್ಣು ತೆರೆದು ಕೇಳಿದಳು: "ಹಳೆ ತಂತಿ ಬಿಚ್ಚುವ ಮೊದಲು, ಒಮ್ಮೆ ಬಾರಿಸಿದ್ರಾ ಅಂಕಲ್?"

"ಯಾಕೆ?"

"ಡ್ಯಾಡಿ ಆಸ್ಪತ್ರೆಗೆ ಹೋಗುವ ಬೆಳಿಗ್ಗೆ ವಿಡಿಯೋ ಕಾಲಲ್ಲಿ ಇದ್ರು. ನನ್ನೆದುರೇ ಟ್ಯೂನ್ ಮಾಡಿ ಪೆಟ್ಟಿಗೆಯಲ್ಲಿ ಇಟ್ರು. ಬಂದ ಮೇಲೆ ಬಾರಿಸ್ತೇನೆ ಅಂದ್ರು. ಹಾಗೆ ನಾನು ತಂತಿ ಮುಟ್ಲಿಲ್ಲ. ಇಟ್ಟದ್ದು ಇಟ್ಟ ಹಾಗೆ ನಿಮಗೆ ತಂದುಕೊಟ್ಟದ್ದು."

ಒಸ್ವಾಲ್ಡರಿಗೆ ಆ ದಿನ ನೆನಪಾಯಿತು. ಒಲಿವಿಯಾಳ ಆಟೋ ತಿರುವು ದಾಟುವ ಮೊದಲೇ ಅವರು ತಂತಿ ಬಿಗಿ ಮಾಡುವ ಕಿವಿಗಳನ್ನು ತಿರುಗಿಸಿ ಆರೂ ತಂತಿ ಸಡಿಲ ಮಾಡಿದ್ದರು; ಹ್ಯೂಬರ್ಟ್ ಕೊನೆಗೆ ಕೂಡಿಸಿಟ್ಟ ಶ್ರುತಿ ಅಲ್ಲಿಗೆ ಹೋಗಿತ್ತು. ಬಾರಿಸದೆ ಇಡುವ ಗಿಟಾರಿನ ತಂತಿ ಬಿಗಿಯಾಗಿದ್ದರೆ ಅದರ ಕತ್ತಿನ ಮರ ಬಾಗುತ್ತದೆ. ಗೊತ್ತಿದ್ದವರು ಮೊದಲು ಮಾಡುವ ಕೆಲಸವೇ ಅದು. ಅವರಿಗೆ ಎಲ್ಲವೂ ಗೊತ್ತಿತ್ತು.

ನಾನು ಗಡಿಬಿಡಿಯಲ್ಲಿ ಅವರಿಗೊಂದು ಮಾತು ಬರೆದುಕೊಟ್ಟೆ: 'ಬಾರಿಸಿದ್ದೆ ಬಾಯ್. ಶ್ರುತಿ ಸ್ವಲ್ಪ ಇಳಿದಿತ್ತು, ಆದರೂ ಹ್ಯೂಬರ್ಟನದ್ದೇ ದನಿ.' ಎಷ್ಟು ಸಣ್ಣ ಸುಳ್ಳು! ಅವಳಿಗೆ ಅದು ಸಾಕಾಗುತ್ತಿತ್ತು. ನೀವಾದರೂ ಹೇಳಿ, ಅದನ್ನು ಆಡಿದ್ದರೆ ಯಾರ ಗಂಟು ಹೋಗುತ್ತಿತ್ತು?

"ಇಲ್ಲ" ಎಂದರು ಒಸ್ವಾಲ್ಡ್.

ಒಲಿವಿಯಾ ತಲೆಯಾಡಿಸಿದಳು. ಗಿಟಾರನ್ನು ಎತ್ತಿ ಅವರ ಮಡಿಲಲ್ಲಿಟ್ಟಳು. ಅವರ ಕೈ ತಾನಾಗಿಯೇ ಗಿಟಾರಿನ ಕಿವಿಗಳತ್ತ ಹೋಯಿತು. ಅವಳು ಆ ಕೈ ಹಿಡಿದು ಕೆಳಗಿಳಿಸಿದಳು.

"ಅದೆಲ್ಲ ಬೇಡ ಅಂಕಲ್. ಇದ್ದ ಹಾಗೇ ಬಾರಿಸಿ. ಡ್ಯಾಡಿ ಬಾರಿಸ್ತಿದ್ದದ್ದು, ಯಾವುದಾದ್ರೂ ಒಂದು."

೭

ಬಾರಿಸಿದರೋ? ಅವಳು ಕ್ಷಮಿಸಿದಳೋ? ಗಿಟಾರು ಕುವೈತಿಗೆ ಹೋಯಿತೋ, ಕಂಕನಾಡಿಯಲ್ಲೇ ಉಳಿಯಿತೋ? ನೀವು ಕೇಳುತ್ತೀರಿ, ಕೇಳಲೇಬೇಕು. ಮೂರಕ್ಕೂ ನನ್ನ ಹತ್ತಿರ ಉತ್ತರಗಳಿವೆ, ಒಂದಕ್ಕಿಂತ ಒಂದು ಚಂದ. ಯಾವುದನ್ನೂ ಇಲ್ಲಿ ಹಾಕುವುದಿಲ್ಲ. ಬೇರೆಯವರ ವಸ್ತುವನ್ನು ಚಂದ ಮಾಡಿಕೊಡುವ ಕೆಲಸದ ಮೇಲೆ ನನಗೆ ನಂಬಿಕೆ ಹೋಗಿದೆ.

ನಾನು ಅಲ್ಲಿಂದ ಎದ್ದು ಬರುವಾಗ ಇದ್ದದ್ದನ್ನು ಮಾತ್ರ ಹೇಳಬಲ್ಲೆ. ಅಡುಗೆಮನೆಯ ಬಾಗಿಲಲ್ಲಿ ವಿನಿಫ್ರೆಡ್ ಸೆರಗಿನಿಂದ ಕೈ ಒರೆಸುತ್ತ ನಿಂತಿದ್ದರು. ಒಲಿವಿಯಾ ನೆಲದಲ್ಲಿ ಕೂತು ಕಾಯುತ್ತಿದ್ದಳು. ಒಸ್ವಾಲ್ಡರ ಬಲಗೈ ತಂತಿಗಳ ಮೇಲಿತ್ತು. ಹ್ಯೂಬರ್ಟನ ತಂತಿಯ ದಪ್ಪ, ಅವನ ಆಂಪ್ಲಿಫೈಯರಿನ ನಂಬ್ರ, ಅವನ ಗಿಟಾರಿನ ಮರ, ಎಲ್ಲ ಅವರಿಗೆ ನೆನಪಾಗುತ್ತಿತ್ತು. ಇಪ್ಪತ್ತೆಂಟು ವರ್ಷ ಅವನ ಪಕ್ಕದಲ್ಲೇ ನಿಂತಿದ್ದರು, ಅವನು ಬಾರಿಸಿದ ಒಂದು ಹಾಡೂ ನೆನಪಿಗೆ ಬರುತ್ತಿರಲಿಲ್ಲ.