ಟೂರಾಳ ಸೌದೆಗೋಡೆಯೂ ಇಪ್ಪತ್ತು ಡಿಗ್ರಿಯೂ

ನಮ್ಮ ಟೊಲ್ಗಾ ಊರಲ್ಲಿ ಚಳಿಗಾಲ ಬಂತೆಂದರೆ ಮನೆಮನೆಗೂ ಒಂದೇ ಗೋಳು. ಒಲೆ ಮುಂದೆ ಕೂತವರಿಗೆ ಬೆವರು, ಹಿಂದಿನ ಕೋಣೆಯಲ್ಲಿ ಮಲಗಿದವರಿಗೆ ನಡುಕ. ಪಕ್ಕದ ಮನೆ ಹಾಲ್ವರನಿಗೆ ಈ ಸಲ ಆ ಗೋಳು ಕುತ್ತಿಗೆಗೇ ಬಂದಿತ್ತು.

ಅವನ ಹೆಂಡತಿ ಟೂರಾ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡು ಎರಡು ತಿಂಗಳಾಗಿತ್ತು. ಶುಕ್ರವಾರ ಮನೆಗೆ ಕಳಿಸುತ್ತೇವೆ ಎಂದು ಆಸ್ಪತ್ರೆಯಿಂದ ಫೋನು ಬಂತು. ಮೆಟ್ಟಿಲು ಹತ್ತುವ ಹಾಗಿಲ್ಲ, ಆದ್ದರಿಂದ ಕೆಳಗಿನ ಹಿಂದಿನ ಕೋಣೆಯೇ ಗತಿ. ಅದನ್ನು ನೋಡಲು ಬಂದ ನರ್ಸಮ್ಮ ಗೋಡೆಯ ಮೇಲಿನ ತಾಪಮಾಪಕ ನೋಡಿ ಹೇಳಿದಳು: "ಇಲ್ಲಿ ಹನ್ನೆರಡು ಡಿಗ್ರಿ ಇದೆ. ಗುರುವಾರ ಸಂಜೆ ಬರ್ತೀನಿ. ಇಪ್ಪತ್ತು ಇರ್ಲಿಲ್ಲ ಅಂದ್ರೆ ಚಳಿಗಾಲ ಮುಗಿಯೋವರೆಗೂ ಅವರು ವೃದ್ಧಾಶ್ರಮದಲ್ಲೇ ಇರ್ಲಿ."

ಅವತ್ತು ಮಂಗಳವಾರ. ನಾನು ಕಾಫಿ ಕುಡಿಯಲು ಹೋದಾಗ ಹಾಲ್ವರ ಗೋಡೆಯ ಮೇಲಿನ ಹೀಟ್ ಪಂಪಿಗೆ ಬೈಯುತ್ತಿದ್ದ. ಹೊರಗಿನ ಗಾಳಿಯಲ್ಲಿ ಇರುವಷ್ಟು ಶಾಖವನ್ನೇ ಹೀರಿ ಒಳಗೆ ತರುವ ಯಂತ್ರ ಅದು, ಮನೆಯೊಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ. ಬೇಸಿಗೆ ಮುಗಿಯುವ ಹೊತ್ತಿಗೆ ಹಾಕಿಸಿದ್ದ.

"ರಾಗ್ನಾ, ನೋಡು ಈ ಮೋಸಗಾರನ್ನ! ಹೊರಗಡೆ ಹಿಮ ಬೀಳ್ತಿದ್ರೆ ಇದು ನಿದ್ದೆ ಹೊಡೀತದೆ. ಸೌದೆ ಒಲೆ ಯಾವತ್ತಾದ್ರೂ ಹೀಗೆ ಕೈಕೊಟ್ಟಿದ್ಯಾ? ಕಿತ್ತು ಬಿಸಾಕ್ತೀನಿ!"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಮಾರಿತ್! ಹೊಗೆಗೂಡು ಗುಡಿಸಿ ಒಲೆ ಪರೀಕ್ಷಿಸುವ ಹುಡುಗಿ ಅವಳು, ಅವತ್ತು ನಮ್ಮ ಬೀದಿಯ ಸರದಿ. ಹಾಲ್ವರನ ಮುಖ ಅರಳಿತು. ಒಲೆಯವಳಲ್ಲವೇ, ತನ್ನ ಪಕ್ಷವೇ ಎಂದುಕೊಂಡ.

"ಬಾ ಮಗಳೇ! ನೀನೇ ಹೇಳು, ಒಲೆ ಇರೋ ಮನೆಗೆ ಈ ಪೆಟ್ಟಿಗೆ ಯಾಕೆ?"

ಮಾರಿತ್ ಒಲೆಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ನಕ್ಕೇಬಿಟ್ಟಳು. "ಹಾಲ್ವರ್ ಮಾಮ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ಪೆಟ್ಟಿಗೆ ಎದುರಿಗೇ ಇಷ್ಟು ದೊಡ್ಡ ಬೆಂಕಿ ಹಾಕಿದ್ದೀರ. ಅದಕ್ಕೆ ಗೊತ್ತಾಗೋದು ಈ ಕೋಣೆಯ ಬಿಸಿ ಮಾತ್ರ. 'ಮನೆಯೆಲ್ಲಾ ಬೆಚ್ಚಗಿದೆ, ನನ್ನ ಕೆಲಸ ಮುಗೀತು' ಅಂತ ಮಲಗುತ್ತೆ. ಹಿಂದಿನ ಕೋಣೆ ನಡುಗ್ತಿರೋದು ಅದಕ್ಕೇನು ಗೊತ್ತು?"

"ಬೆಂಕಿ ಆರಿಸಿದ್ರೂ ಅಷ್ಟೇ ಕಣಮ್ಮ. ಉಸ್ ಉಸ್ ಅಂತದೆ, ಬಿಸಿ ಬರಲ್ಲ."

"ಹಾಗಾದ್ರೆ ಹೊರಗಿನ ಪೆಟ್ಟಿಗೆ ತೋರಿಸಿ."

ಹೊರಗೆ ಹೋದೆವು. ಮಾರಿತ್ ಅಲ್ಲೇ ನಿಂತುಬಿಟ್ಟಳು. ಹೊರಪೆಟ್ಟಿಗೆಯ ಎದುರಿಗೂ ಎಡಬಲಕ್ಕೂ ಆಳೆತ್ತರದ ಸೌದೆಗೋಡೆ. ನಮ್ಮೂರಲ್ಲಿ ಸೌದೆ ಒಟ್ಟುವುದೆಂದರೆ ಮಾನದ ಪ್ರಶ್ನೆ, ಅದರಲ್ಲಿ ಟೂರಾಳನ್ನು ಮೀರಿಸಿದವರಿಲ್ಲ. ಬಿಳಿ ತೊಗಟೆ, ಕಪ್ಪು ತೊಗಟೆ ಆರಿಸಿ ನಡುವೆ ಒಂದು ಹಕ್ಕಿಯನ್ನೇ ಮೂಡಿಸಿದ್ದಳು. ಬೀಳುವ ಮುಂಚೆ ಅವಳು ಒಟ್ಟಿದ ಕೊನೆಯ ಸೌದೆ ಅದು.

"ಬಡಪಾಯಿ ಯಂತ್ರಕ್ಕೆ ಗಾಳಿ ತಾಗದೇ ಇರ್ಲಿ ಅಂತ ಅವಳೇ ಕಟ್ಟಿದ್ದು," ಎಂದ ಹಾಲ್ವರ ಹೆಮ್ಮೆಯಿಂದ.

ಮಾರಿತ್ ಮೆಲ್ಲಗೆ ಹೇಳಿದಳು: "ಮಾಮ, ಗಾಳಿಯೇ ಇದರ ಊಟ. ಶಾಖ ಹೀರಿದ ಮೇಲೆ ತಣ್ಣನೆ ಗಾಳಿ ಹೊರಗೆ ಉಗುಳುತ್ತೆ. ಎದುರಿಗೆ ಗೋಡೆ ಇದ್ರೆ ಉಗುಳಿದ್ದನ್ನೇ ಮತ್ತೆ ಕುಡೀಬೇಕು. ನೋಡಿ, ಮೈಯೆಲ್ಲಾ ಹೇಗೆ ಮಂಜು ಕಟ್ಟಿದೆ! ಗೋಡೆ ತೆಗೀಲೇಬೇಕು."

"ಆಗಲ್ಲ!" ಹಾಲ್ವರ ಅಡ್ಡ ನಿಂತ. "ಅವಳ ಕೈಕೆಲಸ ಇದು. ಇನ್ನೊಂದು ಸಲ ಅವಳು ಸೌದೆ ಒಟ್ತಾಳೋ ಇಲ್ವೋ."

ನಾನು ಹೇಳಿದೆ, "ಹಾಲ್ವರ, ನಿಂಗೆ ಗೋಡೆ ಬೇಕೋ ಟೂರಾ ಬೇಕೋ?"

ಅವನು ಕೈಗವಸು ಏರಿಸಿ, ಹಕ್ಕಿಯ ತಲೆಯ ಸೌದೆಯನ್ನು ತಾನೇ ಮೊದಲು ತೆಗೆದ.

ಆಮೇಲೆ ನೋಡಬೇಕಿತ್ತು ನಮ್ಮ ಭರಾಟೆ! ಮೂವರೂ ಸೌದೆ ಹೊತ್ತು ಕೊಟ್ಟಿಗೆಗೆ ಸಾಗಿಸಿದೆವು. ಪೆಟ್ಟಿಗೆಯ ಮುಂದೆ ದೊಡ್ಡ ಹೆಜ್ಜೆಯಷ್ಟು ಜಾಗ ತೆರವಾಯಿತು, ಕೆಳಗಿನ ಹಿಮವನ್ನೂ ಬಾಚಿದೆವು. ಕಾಲು ಗಂಟೆಯಲ್ಲಿ ಯಂತ್ರ ತನ್ನ ಮಂಜನ್ನು ತಾನೇ ಕರಗಿಸಿಕೊಂಡು ಗುಂಯ್ ಎಂದಿತು. ಒಳಗೆ ಬಂದರೆ ದೊಡ್ಡ ಒಲೆಯ ಬೆಂಕಿ ಆರಿತ್ತು, ಪೆಟ್ಟಿಗೆಯಿಂದ ಬೆಚ್ಚನೆ ಗಾಳಿ! ಹಿಂದಿನ ಕೋಣೆಯ ಬಾಗಿಲನ್ನು ಹಾರುಹೊಡೆದೆವು. ಹದಿಮೂರು, ಹದಿನಾಲ್ಕು! ಹಾಲ್ವರ ಖುಷಿಯಲ್ಲಿ ಓಡಿಹೋಗಿ ದೊಡ್ಡ ಒಲೆಗೆ ಸೌದೆ ತುಂಬತೊಡಗಿದ.

"ಮಾಮಾ!" ಮಾರಿತ್ ಕಿರುಚಿದಳು. "ಮತ್ತೆ ಅದನ್ನ ಮಲಗಿಸ್ತೀರಾ?"

"ಹಾಗಾದ್ರೆ ನನ್ನ ಒಲೆಗೆ ಕೆಲಸವೇ ಇಲ್ವಾ?"

"ಯಾಕಿಲ್ಲ! ಒಂದೇ ಕೈಲಿ ಚಪ್ಪಾಳೆ ಆಗುತ್ತಾ? ಹೀಟ್ ಪಂಪನ್ನ ಒಂದೇ ಅಳತೆಗಿಟ್ಟು ಹಗಲೂ ರಾತ್ರಿ ನಡೆಯೋಕೆ ಬಿಡಿ. ಹಚ್ಚಿ ಆರಿಸಿ ಮಾಡಬೇಡಿ. ಚಳಿ ಜೋರಾದಾಗ ಅಡುಗೆಮನೆಯ ಚಿಕ್ಕ ಒಲೆ ಹಚ್ಚಿ, ಅದು ಪಂಪಿಗೆ ದೂರ, ಹಿಂದಿನ ಕೋಣೆಗೆ ಹತ್ತಿರ. ಒಣ ಸೌದೆ, ಸ್ವಲ್ಪವೇ, ಆದ್ರೆ ಚೆನ್ನಾಗಿ ಉರೀಲಿ. ಅದೂ ಸಾಲದೇ ಹೋದ್ರೆ ಟೂರಾ ಕೋಣೆಯ ಕರೆಂಟ್ ಹೀಟರ್‌ನ ಇಪ್ಪತ್ತಕ್ಕೆ ಇಡಿ, ಕಡಿಮೆ ಬಿದ್ದಷ್ಟನ್ನ ಮಾತ್ರ ಅದು ತುಂಬುತ್ತೆ. ಕರೆಂಟೇ ಹೋಯ್ತಾ? ಆಗ ನಿಮ್ಮ ದೊಡ್ಡ ಒಲೆಯೇ ರಾಜ!"

ರಾಜ ಎಂಬ ಮಾತಿಗೆ ಹಾಲ್ವರ ಮೆತ್ತಗಾದ.

ಗುರುವಾರ ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ ಇಳಿಯಿತು. ಇಂಥ ಚಳಿಯಲ್ಲಿ ಪಂಪು ಒಂದೇ ಏಗಲಾರದು. ಮಧ್ಯಾಹ್ನ ಹಿಂದಿನ ಕೋಣೆ ಹದಿನೆಂಟಕ್ಕೆ ನಿಂತೇಹೋಯಿತು. ಹಾಲ್ವರ ಚಿಕ್ಕ ಒಲೆ ಹಚ್ಚಿದ. ಹತ್ತೊಂಬತ್ತು. ಹೀಟರ್ ಹಾಕಿದ. ನಾವಿಬ್ಬರೂ ಮಾಪಕದ ಮುಂದೆ ಉಸಿರು ಬಿಗಿಹಿಡಿದು ಕೂತೆವು. ನರ್ಸಮ್ಮ ಬೂಟು ಕೊಡವಿಕೊಂಡು ಒಳಗೆ ಬಂದಾಗ ಇಪ್ಪತ್ತು ತೋರಿಸುತ್ತಿತ್ತು! ಹಾಲ್ವರ ಆ ಗಂಭೀರ ಹೆಂಗಸನ್ನು ತಬ್ಬಿಕೊಂಡೇಬಿಟ್ಟ.

ಶುಕ್ರವಾರ ಕಾರಿನಿಂದ ಇಳಿದ ಟೂರಾ ಊರುಗೋಲು ಹಿಡಿದು ಮೊದಲು ನೋಡಿದ್ದೇ ಮನೆಯ ಆ ಮೂಲೆಯನ್ನು.

"ಹಾಲ್ವರ, ನನ್ನ ಹಕ್ಕಿ ಎಲ್ಲಿ?"

"ನಾನೇ ಕೆಡವಿದೆ. ಬೈಯಿ, ಎಷ್ಟು ಬೇಕಾದ್ರೂ ಬೈಯಿ. ಆದ್ರೆ ಒಳಗೆ ಬಂದು ಬೈಯಿ."

ಅವಳು ಮುಖ ಗಂಟಿಕ್ಕಿಕೊಂಡೇ ಹಿಂದಿನ ಕೋಣೆಗೆ ನಡೆದಳು. ಮಂಚದ ಮೇಲೆ ಕೂತಳು. ಟೋಪಿ ತೆಗೆದಳು. ಸ್ವಲ್ಪ ಹೊತ್ತಿಗೆ ಉಣ್ಣೆಯ ಸ್ವೆಟರನ್ನೂ ಬಿಚ್ಚಿದಳು.

"ನಲವತ್ತು ಚಳಿಗಾಲದಲ್ಲಿ ಈ ಕೋಣೇಲಿ ನಾನು ಸ್ವೆಟರ್ ಬಿಚ್ಚಿದ್ದು ಇದೇ ಮೊದಲು," ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಬರೋ ವರ್ಷ ಹಕ್ಕಿಯನ್ನ ಕೊಟ್ಟಿಗೆ ಗೋಡೆಗೆ ಕಟ್ಟೋಣ. ನೀನು ಸೌದೆ ಎತ್ತಿಕೊಡು, ನಾನು ಕೂತ್ಕೊಂಡೇ ಜೋಡಿಸ್ತೀನಿ."

ಊರಿನವರೇ, ಒಲೆ ಮೇಲೋ ಪಂಪು ಮೇಲೋ ಎಂಬ ಜಗಳ ಸಾಕು. ಇಬ್ಬರನ್ನೂ ದುಡಿಸಿಕೊಳ್ಳಿ. ಈಗಲೇ ಎದ್ದು ಹೊರಗೆ ಹೋಗಿ ನೋಡಿ, ನಿಮ್ಮ ಹೊರಪೆಟ್ಟಿಗೆಗೆ ಉಸಿರಾಡಲು ಜಾಗ ಇದೆಯೇ? ಆಮೇಲೆ ಒಂದು ಮಾಪಕ ಹಿಡಿದು ನಿಮ್ಮ ಮನೆಯ ಹಿಂದಿನ ಕೋಣೆಗೆ ಹೋಗಿ. ಅಲ್ಲಿ ಮಲಗುವವರು ಸ್ವೆಟರ್ ಬಿಚ್ಚುವಂತಾದರೆ ಮಾತ್ರ ನಿಮ್ಮ ಮನೆ ಬೆಚ್ಚಗಿದೆ ಅನ್ನಿ.