ಸ್ಟೇಷನ್ನಿನ ಚರಿತ್ರೆಯಲ್ಲಿ ಮಾವ

ನಮ್ಮೂರಿನ ರೈಲ್ವೆ ಸ್ಟೇಷನ್ ಮುಚ್ಚುವುದು ಖಾತ್ರಿಯಾದಾಗ, ಬೀಳ್ಕೊಡುಗೆ ಸಭೆಯಲ್ಲಿ ಅದರ ಚರಿತ್ರೆ ಓದುವ ಕೆಲಸ ಶಾಲೆಯ ಟೀಚರ್ ಆದ ನನ್ನ ತಲೆಗೆ ಬಂತು. ಸ್ಟೇಷನ್ ಮಾಸ್ತರರು ಹಳೆಯ ದಫ್ತರವೊಂದನ್ನು ಕೊಟ್ಟರು. ಅಪ್ಪ ಅಲ್ಲಿ ಮೂವತ್ತಾರು ವರ್ಷ ಹಳಿ ಬದಲಿಸುವ ಲಿವರ್ ಎಳೆದವರು. ಮನೆಯಲ್ಲಿ ಅವರ ಪಕ್ಕದಲ್ಲಿ ಕೂತು ಅದನ್ನು ಓದುತ್ತ ಹೋದೆ: ಮೊದಲ ಗಾಡಿ ಬಂದದ್ದು, ಗೋದಾಮು ಕಟ್ಟಿದ್ದು, ಪ್ಲಾಟ್‌ಫಾರ್ಮಿಗೆ ಕಲ್ಲು ಹಾಸಿದ್ದು. ಆಮೇಲೆ, ನಾನು ಹುಟ್ಟುವ ಮುಂಚೆ, ಸೋದರಮಾವ ಸತ್ತದ್ದು.

ಮಾವನೂ ಅಲ್ಲೇ ಕೆಲಸಕ್ಕಿದ್ದ. ಊರವರು ಅವನನ್ನು ‘ಸಿಳ್ಳೆ’ ಎಂದೇ ಕರೆಯುತ್ತಿದ್ದರಂತೆ. ಎಂಜಿನ್ನಿಗಿಂತ ಮೊದಲು ಅವನೇ ಕೂಗುತ್ತಾನೆ ಎಂದು ನಗುತ್ತಿದ್ದರಂತೆ. ಬದಿಯ ಹಳಿಯಲ್ಲಿ ನಿಂತಿದ್ದ ಡಬ್ಬಿಗಳ ನಡುವೆ ನುಗ್ಗಿ ಅವನು ಕೊಂಡಿ ಬಿಚ್ಚುತ್ತಿದ್ದಾಗ ಎಂಜಿನ್ ಅದೇ ಹಳಿಗೆ ಬಂದು ಗುದ್ದಿತ್ತು.

“‘ಮೃತನ ಅಜಾಗರೂಕತೆಯೇ ಕಾರಣ’ ಅಂತಿದೆ,” ಎಂದೆ.

“ಅದನ್ನ ಬರೀಬೇಡ,” ಎಂದರು ಅಪ್ಪ.

“ಯಾಕಪ್ಪ?”

“ಸುಳ್ಳು ಕಣೇ ಅದು. ಹಳಿ ಬದಲಾಯಿಸಿದೀನಿ, ಹೋಗು ಅಂತ ಅವನಿಗೆ ಹೇಳ್ದೋನು ನಾನು. ಬದಲಾಯಿಸೇ ಇರ್ಲಿಲ್ಲ. ಮರ್ತಿದ್ದೆ. ವಿಚಾರಣೆಗೆ ಬಂದೋರು ಕೇಳ್ದಾಗ ಬಾಯೇ ಬರ್ಲಿಲ್ಲ. ನೀನಾಗ ನಿಮ್ಮಮ್ಮನ ಹೊಟ್ಟೇಲಿದ್ದೆ.”

ಬಾಗಿಲಲ್ಲಿ ಅಮ್ಮ ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದಳು.

“ನಮ್ಮಮ್ಮ ಕಣ್ಮುಚ್ಚೋವರೆಗೂ ಅವನನ್ನೇ ಬೈದ್ಲು, ಮೈಮೇಲೆ ಎಚ್ಚರ ಇಲ್ಲದೋನು ಅಂತ,” ಎಂದಳು ಮೆಲ್ಲಗೆ. “ನೀವು ಪಕ್ಕದಲ್ಲೇ ಕೂತು ಕೇಳಿದ್ರಿ.”

ಅಮ್ಮ ನನ್ನ ಕಡೆ ತಿರುಗಿ, “ಇದ್ದದ್ದು ಇದ್ದ ಹಾಗೆ ಬರಿ,” ಎಂದು ಬಟ್ಟೆ ಹರವಲು ಹೋದಳು.

ಬರೆದೆ. ಆದರೆ ಸಭೆಯಲ್ಲಿ ಮಾವ ಸತ್ತ ವರ್ಷದವರೆಗೆ ಓದುತ್ತಿದ್ದಂತೆ ಅಪ್ಪ ಎದ್ದು ನಿಂತರು. “ಇದನ್ನ ನಾನೇ ಹೇಳ್ತೀನಿ.” ಮೂರೇ ಮಾತಿನಲ್ಲಿ ಹೇಳಿ ಮುಗಿಸಿದರು. ಅಪ್ಪನ ಜೊತೆ ಜೀವಮಾನವಿಡೀ ಚಹಾ ಹಂಚಿಕೊಂಡಿದ್ದ ಮುದಿ ಹಮಾಲಿ ಎದ್ದು ಹೊರಟುಹೋದ.

ಅಮ್ಮ ಸಭೆಗೆ ಬಂದಿರಲಿಲ್ಲ. ನಾನು ಮನೆಯೊಳಗೆ ಕಾಲಿಟ್ಟ ಕೂಡಲೇ, “ಜನ ಏನಂದ್ರು?” ಎಂದು ಕೇಳಿದಳು.

“ಅಪ್ಪನೇ ಎದ್ದು, ತಪ್ಪು ನಂದು, ಅವನದಲ್ಲ ಅಂದ್ರು.”

ಅಮ್ಮ ನೆಲದ ಮೇಲೆ ಕುಸಿದಳು. ತಾನೇ ತಂದುಕೊಂಡ ಸಾವು ಎಂಬ ಸಿಟ್ಟಿನಲ್ಲಿ ಮೂವತ್ತೊಂದು ವರ್ಷ ತಮ್ಮನಿಗಾಗಿ ಒಂದು ಹನಿ ಕಣ್ಣೀರು ಹಾಕದವಳು, ಹೆಣ ಈಗಷ್ಟೇ ಅಂಗಳಕ್ಕೆ ಬಂದಿದೆಯೇನೋ ಎಂಬಂತೆ “ತಮ್ಮಾ, ತಮ್ಮಾ” ಎಂದು ಎದೆ ಬಡಿದುಕೊಂಡು ಅತ್ತಳು. ನನ್ನ ಹಿಂದೆ ಬಂದ ಅಪ್ಪ ಮೆಟ್ಟಿಲ ಮೇಲೆಯೇ ನಿಂತಿದ್ದರು. ಒಳಗೆ ಬನ್ನಿ ಎಂದು ಅವಳು ಕರೆಯಲಿಲ್ಲ. ನನಗೂ ಕರೆಯಲಾಗಲಿಲ್ಲ.